ಕೊಳೆ ಎಲ್ಲಿಗೆ ಹೋಯಿತು?

ಸೀಲಿಂಗ್ ಫ್ಯಾನು ದಿನವಿಡೀ ತಿರುಗಿದರೂ ಅದರ ರೆಕ್ಕೆಯ ಅಂಚಿಗೆ ದೂಳು ಕಟ್ಟುವುದು ತಪ್ಪುವುದಿಲ್ಲ. ನಮ್ಮ ಮನೆಗಳಲ್ಲಿರುವ 1200 ಮಿಲಿಮೀಟರಿನ ಫ್ಯಾನು ನಿಮಿಷಕ್ಕೆ 350 ಸುತ್ತು ಹೊಡೆಯುತ್ತದೆ ಎಂದಿಟ್ಟುಕೊಳ್ಳಿ. ಆಗ ರೆಕ್ಕೆಯ ತುದಿ ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅಷ್ಟು ವೇಗದ ಗಾಳಿ ಬೀಸಿದರೆ ಅಂಗಳದ ಪ್ಲಾಸ್ಟಿಕ್ ಕುರ್ಚಿ ಮಗುಚಿ ಬೀಳುತ್ತದೆ. ರೆಕ್ಕೆಯ ಮೇಲಿನ ದೂಳು ಮಾತ್ರ ಕದಲುವುದಿಲ್ಲ. ತುಮಕೂರಿನಿಂದ ಹೆದ್ದಾರಿಯಲ್ಲಿ ಬೆಂಗಳೂರಿಗೆ ಓಡಿ ಬಂದ ಕಾರಿನ ಬಾನೆಟ್ ಮೇಲೂ ಹೊರಡುವಾಗ ಇದ್ದ ದೂಳಿನ ತೆಳು ಪದರ ಹಾಗೇ ಕೂತಿರುತ್ತದೆ.

ಇದಕ್ಕೆ ಎರಡು ಕಾರಣ. ಗಾಳಿ ಎಷ್ಟೇ ಜೋರಾಗಿ ಬೀಸಲಿ, ಮೇಲ್ಮೈಯನ್ನು ಸಮೀಪಿಸಿದಷ್ಟೂ ಅದರ ವೇಗ ಕುಗ್ಗುತ್ತದೆ. ಮೇಲ್ಮೈಗೆ ತಾಗಿದಲ್ಲಿ ಸೊನ್ನೆಯಾಗುತ್ತದೆ. ಕೆಲವೇ ಮೈಕ್ರಾನ್ ಎತ್ತರದ ಕಣ ಆ ನಿಶ್ಚಲ ಗಾಳಿಯ ಪದರದೊಳಗೆ ಅಡಗಿ ಕೂರುತ್ತದೆ. (ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ.) ಎರಡನೆಯದು ಗಾತ್ರದ ಗಣಿತ. ಕಣದ ವ್ಯಾಸ ಹತ್ತು ಪಟ್ಟು ಇಳಿದರೆ ತೂಕ ಸಾವಿರ ಪಟ್ಟು ಇಳಿಯುತ್ತದೆ. ಅದನ್ನು ಮೇಲ್ಮೈಗೆ ಹಿಡಿದಿಡುವ ವಾನ್ ಡರ್ ವಾಲ್ಸ್ ಬಲ ಇಳಿಯುವುದು ಹತ್ತೇ ಪಟ್ಟು. ಹಾಗಾಗಿ ಕಣ ಸಣ್ಣದಾದಷ್ಟೂ ತನ್ನ ತೂಕದ ಲೆಕ್ಕದಲ್ಲಿ ಅದು ಹೆಚ್ಚು ಹೆಚ್ಚು ಬಿಗಿಯಾಗಿ ಅಂಟಿಕೊಂಡಿರುತ್ತದೆ. ಊದಿದರೆ ಹಾರದು, ಕೊಡವಿದರೆ ಉದುರದು. ಮುಟ್ಟಿ ಒರೆಸಬೇಕು.

ಒರೆಸಿದಾಗ ನಿಜಕ್ಕೂ ಏನಾಗುತ್ತದೆ? ಕೊಳೆ ಹೋಯಿತು ಎಂದು ನಾವು ಅನ್ನುತ್ತೇವೆ. ಹೋಗುವುದು ಎಂದರೆ ಇಲ್ಲವಾಗುವುದಲ್ಲ, ಜಾಗ ಬದಲಿಸುವುದು. ಕಾರಿನ ಮೈಮೇಲಿದ್ದದ್ದು ಬಟ್ಟೆಗೆ, ಬಟ್ಟೆಯಲ್ಲಿದ್ದದ್ದು ಬಕೆಟ್ಟಿಗೆ, ಬಕೆಟ್ಟಿನಲ್ಲಿದ್ದದ್ದು ಚರಂಡಿಗೆ. ಒಳ್ಳೆಯ ಬಟ್ಟೆ ಯಾವುದು, ಕೆಟ್ಟದ್ದು ಯಾವುದು ಎಂಬುದು ತೀರ್ಮಾನವಾಗುವುದು ಈ ಪ್ರಯಾಣದಲ್ಲಿ. ಕಳೆದ ಕೆಲವು ದಶಕಗಳಲ್ಲಿ ಹಳೆ ಬನಿಯನ್ನು, ಹರಿದ ಪಂಚೆಗಳ ಕೆಲಸವನ್ನು ಕಸಿದುಕೊಂಡ ಮೈಕ್ರೋಫೈಬರ್ ಬಟ್ಟೆ ಕೊಳೆಯನ್ನು ಸಾಗಿಸುವುದರಲ್ಲಿ ಮಹಾ ನಿಪುಣ. ಅದು ಹೇಗೆ ಸಾಗಿಸುತ್ತದೆ, ಎಲ್ಲಿಗೆ ಸಾಗಿಸುತ್ತದೆ ಎಂಬುದೇ ಈ ಅಧ್ಯಾಯ.

ಬಂಡೆಯ ಪುಡಿ

ಮೊದಲು ದೂಳಿನ ಜಾತಕ ನೋಡೋಣ. ಬೆಂಗಳೂರು ಕೂತಿರುವುದು ಪರ್ಯಾಯ ದ್ವೀಪದ ನೈಸ್ ಶಿಲೆಯ ಮೇಲೆ. ಲಾಲ್‌ಬಾಗಿನ ಬಂಡೆ ಇದೇ ಶಿಲೆ. ವಯಸ್ಸು ಸುಮಾರು 300 ಕೋಟಿ ವರ್ಷ. ಇದರಲ್ಲಿ ಕ್ವಾರ್ಟ್ಜ್ ಅಂದರೆ ಬೆಣಚು ಧಾರಾಳವಾಗಿದೆ. ಬಂಡೆ ಸವೆದು ಮಣ್ಣಾದಾಗ ಉಳಿದೆಲ್ಲ ಖನಿಜಗಳು ಕೊಳೆತು ಜೇಡಿಯಾದರೂ ಬೆಣಚು ಮರಳಾಗಿ ಉಳಿದುಕೊಳ್ಳುತ್ತದೆ. ರಸ್ತೆಯ ದೂಳಿನಲ್ಲಿ ಟೈರಿನ ಸವಕಳಿ, ಬ್ರೇಕಿನ ಕಬ್ಬಿಣದ ಪುಡಿ, ಹೊಗೆಯ ಮಸಿ, ಎಂ-ಸ್ಯಾಂಡ್ ಲಾರಿಯಿಂದ ಉದುರಿದ ಪುಡಿ ಎಲ್ಲವೂ ಇರುತ್ತವೆ. ಆದರೆ ಕಾರಿನ ಬಣ್ಣಕ್ಕೆ ಮುಖ್ಯ ವೈರಿ ಈ ಬೆಣಚೇ. ಜರ್ಮನಿಯ ಖನಿಜ ತಜ್ಞ ಫ್ರೀಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಗಡಸುತನದ ಪಟ್ಟಿಯಲ್ಲಿ ವಜ್ರಕ್ಕೆ 10, ಬೆಣಚಿಗೆ 7. ಕಿಟಕಿಯ ಗಾಜು ಹೆಚ್ಚುಕಡಿಮೆ ಐದೂವರೆಯಲ್ಲಿ ನಿಲ್ಲುತ್ತದೆ. ಕಾರಿನ ಮೇಲ್ಪದರ ಗಾಜಿಗಿಂತ ಎಷ್ಟೋ ಮೆದು.

ಮೆದು ಯಾಕೆಂದರೆ ಅದು ಪ್ಲಾಸ್ಟಿಕ್. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ಈ ಕ್ಲಿಯರ್ ಕೋಟ್‌ನ ದಪ್ಪ ಸಾಮಾನ್ಯವಾಗಿ 40-50 ಮೈಕ್ರಾನ್, ಒಂದು ಕೂದಲಿನಷ್ಟೂ ಇಲ್ಲ. ಷೋರೂಮಿನಲ್ಲಿ ನಮ್ಮನ್ನು ಮರುಳು ಮಾಡುವ ಹೊಳಪೆಲ್ಲ ಈ ಪದರದ್ದು. ಅದರ ಉಬ್ಬುತಗ್ಗುಗಳು ಬೆಳಕಿನ ತರಂಗದ ಉದ್ದಕ್ಕಿಂತ, ಅಂದರೆ ಮೈಕ್ರಾನಿನ ಅರ್ಧಭಾಗದ ಆಸುಪಾಸಿಗಿಂತ, ಸಣ್ಣದಾಗಿ ಇರುವವರೆಗೆ ಬಂದ ಬೆಳಕೆಲ್ಲ ಒಂದೇ ದಿಕ್ಕಿಗೆ ಹಿಂದಿರುಗುತ್ತದೆ. ಅದಕ್ಕೇ ಬಾನೆಟ್ಟಿನಲ್ಲಿ ಮುಖ ಕಾಣುವುದು. ಒಣ ಬಟ್ಟೆಯಲ್ಲಿ ಬಾನೆಟ್ ಉಜ್ಜಿದಾಗ ಬಟ್ಟೆ ಮತ್ತು ಬಣ್ಣದ ನಡುವೆ ಸಿಕ್ಕಿದ ಬೆಣಚಿನ ಕಣ ಒಂದೆರಡು ಮೈಕ್ರಾನ್ ಆಳದ ಗೀರು ಎಳೆಯುತ್ತದೆ. ಬಟ್ಟೆ ಎಷ್ಟೇ ನಯವಾಗಿರಲಿ, ಗೀರುವುದು ಬಟ್ಟೆಯಲ್ಲ, ಬಟ್ಟೆ ಹಿಡಿದೆಳೆಯುವ ಕಲ್ಲು.

ಈ ಗೀರುಗಳನ್ನು ನೋಡಬೇಕೆಂದರೆ ರಾತ್ರಿ ಕಪ್ಪು ಕಾರಿನ ಬಾಗಿಲಿಗೆ ಮೊಬೈಲಿನ ಟಾರ್ಚ್ ಹಿಡಿಯಿರಿ. ಬೆಳಕಿನ ಬಿಂಬದ ಸುತ್ತ ಜೇಡರ ಬಲೆಯಂಥ ವೃತ್ತಗಳು ಕಾಣುತ್ತವೆ. ಬಹುಪಾಲು ಜನ ಇದನ್ನು ನೋಡಿ, ಒರೆಸುವವನು ಕೈಯನ್ನು ಗುಂಡಗೆ ತಿರುಗಿಸಿದ್ದರಿಂದ ಹೀಗಾಗಿದೆ ಎಂದುಕೊಳ್ಳುತ್ತಾರೆ. ಟಾರ್ಚನ್ನು ಒಂದು ಅಡಿ ಪಕ್ಕಕ್ಕೆ ಸರಿಸಿ. ವೃತ್ತಗಳೂ ಅದರ ಜೊತೆಗೇ ಸರಿಯುತ್ತವೆ! ಗೀರುಗಳು ಗುಂಡಗಿದ್ದರೆ ಅವು ಇದ್ದಲ್ಲೇ ಇರಬೇಕಿತ್ತು. ಅಸಲಿಗೆ ಬಾಗಿಲಿನ ತುಂಬ ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಗೀರುಗಳಿವೆ. ಒಂದು ಗೀರು ತನಗೆ ಅಡ್ಡಲಾಗಿ ಬಂದ ಬೆಳಕನ್ನಷ್ಟೇ ನಮ್ಮ ಕಣ್ಣಿನತ್ತ ಚೆಲ್ಲುತ್ತದೆ. ಹಾಗಾಗಿ ಸಾವಿರಾರು ಗೀರುಗಳಲ್ಲಿ ಬಿಂಬದ ಸುತ್ತ ವೃತ್ತಕ್ಕೆ ಹೊಂದುವವು ಮಾತ್ರ ಮಿನುಗುತ್ತವೆ, ಮಿಕ್ಕವು ಕತ್ತಲಲ್ಲೇ ಉಳಿಯುತ್ತವೆ. ದಿನವೂ ತಿಕ್ಕಿ ತೊಳೆಯುವ ಸ್ಟೀಲ್ ತಟ್ಟೆಯಲ್ಲಿ ಬಲ್ಬಿನ ಸುತ್ತ ಕಾಣುವ ವೃತ್ತಗಳದ್ದೂ ಇದೇ ಕತೆ.

ಗೀರು ಬಿದ್ದ ಮೇಲೆ ಉಳಿಯುವ ದಾರಿ ಪಾಲಿಶ್. ಗ್ಯಾರೇಜಿನವರು ‘ರಬ್ಬಿಂಗ್’ ಎನ್ನುವ ಈ ಕೆಲಸದಲ್ಲಿ ಅಲ್ಯುಮಿನಾದಂಥ ಸೂಕ್ಷ್ಮ ಪುಡಿಯಿರುವ ಪೇಸ್ಟ್ ಹಚ್ಚಿ ಉಜ್ಜುತ್ತಾರೆ. ಗೀರನ್ನು ತುಂಬುವುದಿಲ್ಲ, ಗೀರಿನ ತಳದವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನೇ ತೇಯುತ್ತಾರೆ. 40-50 ಮೈಕ್ರಾನಿನ ಬಂಡವಾಳದಿಂದ ಪ್ರತಿ ಸಲವೂ ಒಂದಿಷ್ಟು ಖರ್ಚು. ವ್ಯಾಕ್ಸ್ ಹಚ್ಚುವುದು ಬೇರೆ ಕೆಲಸ, ಅದು ಮೇಲೊಂದು ತೆಳು ರಕ್ಷಣೆಯನ್ನು ಕೊಡುತ್ತದೆ ಅಷ್ಟೆ. ಹಾಗಾಗಿ ಕಾರಿಗೆ ಬೇಕಾದದ್ದು ಹೊಳಪು ಕೊಡುವ ಬಟ್ಟೆಗಿಂತ ಹೆಚ್ಚಾಗಿ ಹೊಳಪನ್ನು ಕೆಡಿಸದ ಬಟ್ಟೆ: ಕಣವನ್ನು ಮೇಲ್ಮೈಯಿಂದ ಎತ್ತಿ ತನ್ನೊಳಗೆ ಇಟ್ಟುಕೊಂಡು, ಮತ್ತೆ ಬಣ್ಣಕ್ಕೆ ತಾಗಿಸದ ಬಟ್ಟೆ.

ಒಂದು ಡೀನಿಯರ್‌ಗಿಂತ ಕೆಳಗೆ

ಎಳೆಯ ಸಣ್ಣತನ ಅಳೆಯಲು ಜವಳಿಯವರು ಅಳತೆಪಟ್ಟಿ ಹಿಡಿಯುವುದಿಲ್ಲ, ತಕ್ಕಡಿ ಹಿಡಿಯುತ್ತಾರೆ. 9,000 ಮೀಟರ್ ಉದ್ದದ ಎಳೆ ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಡೀನಿಯರ್. ಈ ಅಳತೆ ಹುಟ್ಟಿದ್ದು ರೇಷ್ಮೆ ವ್ಯಾಪಾರದಲ್ಲಿ. ರಾಮನಗರದ ರೀಲರ್‌ಗಳು ಇವತ್ತಿಗೂ ತಮ್ಮ ನೂಲನ್ನು 20/22 ಡೀನಿಯರ್ ಎಂದೇ ಮಾರುತ್ತಾರೆ. ಒಂದು ರೇಷ್ಮೆಗೂಡಿನಿಂದ ಬರುವ ಎಳೆ ಎರಡು-ಮೂರು ಡೀನಿಯರ್ ಇರುತ್ತದೆ. ಎಂಟು-ಹತ್ತು ಗೂಡುಗಳ ಎಳೆ ಒಟ್ಟಿಗೆ ಸೇರಿಸಿದರೆ ಈ ನೂಲು. ಗೂಡಿನ ಎಳೆಯೂ ಒಂಟಿಯಲ್ಲ. ಹುಳು ಎರಡು ಎಳೆಗಳನ್ನು ಒಟ್ಟಿಗೆ ಉಗುಳಿ, ಸೆರಿಸಿನ್ ಎಂಬ ಅಂಟಿನಲ್ಲಿ ಹೊದಿಸಿ ಒಂದು ಮಾಡಿರುತ್ತದೆ. ನೂಲನ್ನು ಸೋಪು, ಸೋಡಾ ಹಾಕಿ ಕುದಿಸಿದರೆ ಅಂಟು ಕರಗಿ ನೂಲಿನ ತೂಕ ಕಾಲುಭಾಗದಷ್ಟು ಇಳಿಯುತ್ತದೆ, ಒಳಗಿನ ಎಳೆಗಳು ಬಿಡಿಯಾಗುತ್ತವೆ. ಬಿಡಿಯಾದ ಎಳೆ ಒಂದು ಡೀನಿಯರಿಗಿಂತ ತುಸು ಹೆಚ್ಚು, ಅಡ್ಡ ಕೊಯ್ದರೆ ಮೂಲೆ ಮೊಂಡಾದ ತ್ರಿಕೋನ. ರೇಷ್ಮೆಯ ಮಿನುಗಿಗೆ ಈ ತ್ರಿಕೋನವೂ ಒಂದು ಕಾರಣ.

ಒಂದು ಡೀನಿಯರ್‌ಗಿಂತ ಸಣ್ಣ ಎಳೆಗೆ ಮೈಕ್ರೋಫೈಬರ್ ಎನ್ನುತ್ತಾರೆ. ಪಾಲಿಯೆಸ್ಟರಿನಲ್ಲಿ ಒಂದು ಡೀನಿಯರ್ ಎಂದರೆ ಸುಮಾರು 10 ಮೈಕ್ರಾನ್ ವ್ಯಾಸ. ಅಂದರೆ ಮನುಷ್ಯ ರೇಷ್ಮೆಹುಳುವಿನ ದಾಖಲೆಯನ್ನು ಮುರಿಯಬೇಕು. ಕರಗಿಸಿದ ಪ್ಲಾಸ್ಟಿಕ್ಕನ್ನು ಸಣ್ಣ ತೂತಿನಿಂದ ಒತ್ತಿ ಎಳೆ ತೆಗೆಯುವ ವಿಧಾನದಲ್ಲಿ ಇದು ಸುಲಭವಲ್ಲ. ತೀರಾ ಸಣ್ಣ ಎಳೆ ನೂಲುವಾಗಲೇ ತುಂಡಾಗುತ್ತದೆ. ತುಂಡಾಗದೆ ಬಂದರೂ ಮಗ್ಗದ ಜಗ್ಗಾಟ ತಾಳುವುದಿಲ್ಲ.

ಜಪಾನಿನ ಟೋರೆ ಕಂಪನಿಯ ವಿಜ್ಞಾನಿ ಮಿಯೋಶಿ ಒಕಾಮೊಟೊ ಕಂಡುಕೊಂಡ ಉಪಾಯ ಗೂಡಿನ ಹುಳುವಿನದೇ ಜಾತಿಯದು. ಸಣ್ಣ ಎಳೆಯನ್ನು ನೇರವಾಗಿ ನೂಲುವ ಬದಲು, ದಪ್ಪ ಎಳೆಯೊಳಗೆ ಸಣ್ಣ ಎಳೆಗಳನ್ನು ಬಚ್ಚಿಟ್ಟು ನೂಲುವುದು. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಸಮುದ್ರ, ಅದರೊಳಗೆ ಉದ್ದಕ್ಕೂ ಓಡುವ ಪಾಲಿಯೆಸ್ಟರ್ ಎಳೆಗಳ ದ್ವೀಪಗಳು. ನೂಲುವ ಗಲಾಟೆಯನ್ನೆಲ್ಲ ದಪ್ಪ ಎಳೆ ತಾಳಿಕೊಳ್ಳುತ್ತದೆ. ಬಟ್ಟೆ ಸಿದ್ಧವಾಗುವ ಹಂತದಲ್ಲಿ ಸಮುದ್ರವನ್ನು ದ್ರಾವಕದಲ್ಲಿ ಕರಗಿಸಿಬಿಟ್ಟರೆ ದ್ವೀಪಗಳು ಉಳಿಯುತ್ತವೆ. 1970ರಲ್ಲಿ ಹೀಗೆ ಹುಟ್ಟಿದ ಬಟ್ಟೆ ಅಲ್ಟ್ರಾಸ್ವೀಡ್. ಅದು ಒರೆಸುವ ಬಟ್ಟೆಯಲ್ಲ, ಮೆತ್ತನೆಯ ಸ್ವೀಡ್ ಚರ್ಮವನ್ನು ಅಣಕಿಸುವ ದುಬಾರಿ ಉಡುಪಿನ ಬಟ್ಟೆ. ಇದೇ ತಂತ್ರದಿಂದ ಇಟಲಿಯಲ್ಲಿ ತಯಾರಾದ ಅಲ್ಕಾಂಟಾರಾ ಐಷಾರಾಮಿ ಕಾರುಗಳ ಸೀಟು ಹತ್ತಿತು. ಮೈಕ್ರೋಫೈಬರ್ ಕಾರಿನ ಮೈ ಒರೆಸಲು ಬರುವ ಮೊದಲು ಕಾರಿನೊಳಗೆ ರಾಜನಾಗಿ ಕೂತಿತ್ತು. 1980ರ ದಶಕದಲ್ಲಿ ಜಪಾನಿನವರು ಅದನ್ನು ಕನ್ನಡಕ ಒರೆಸಲು ಹಚ್ಚಿದರು. 1990ರ ದಶಕದಲ್ಲಿ ಯುರೋಪಿನ ಮನೆಗಳ, ಅದರಲ್ಲೂ ಸ್ವೀಡನ್ನಿನ, ನೆಲಕ್ಕಿಳಿಯಿತು. ಈಗ ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಹಳದಿ, ನೀಲಿ ಕಟ್ಟುಗಳಾಗಿ ಕಾರಿನ ಕಿಟಕಿಗೇ ಬರುತ್ತದೆ.

ಕಿತ್ತಳೆಯ ತೊಳೆಗಳು

ಸಿಗ್ನಲ್ಲಿನಲ್ಲಿ ಸಿಗುವ ಬಟ್ಟೆಯಲ್ಲಿ ದ್ವೀಪ-ಸಮುದ್ರದ ತಂತ್ರವಿಲ್ಲ, ಅದರ ತಮ್ಮನಿದ್ದಾನೆ. ಇಲ್ಲಿ ಒಂದೇ ಎಳೆಯಲ್ಲಿ ಎರಡು ಪ್ಲಾಸ್ಟಿಕ್ಕುಗಳನ್ನು ಸೇರಿಸಿ ನೂಲುತ್ತಾರೆ: ನೂರಕ್ಕೆ 80 ಪಾಲು ಪಾಲಿಯೆಸ್ಟರ್, 20 ಪಾಲು ನೈಲಾನ್. ದುಬಾರಿ ಬಟ್ಟೆಗಳಲ್ಲಿ 70-30. ಎಳೆಯನ್ನು ಅಡ್ಡಕ್ಕೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಿತ್ತಳೆಯನ್ನು ಅಡ್ಡ ಕೊಯ್ದ ಹಾಗೆ ಕಾಣುತ್ತದೆ. ಸುತ್ತ ಪಾಲಿಯೆಸ್ಟರಿನ ತೊಳೆಗಳು, ನಡುವಿನಿಂದ ನಕ್ಷತ್ರದಂತೆ ಚಾಚಿ ಅವನ್ನು ಬೇರ್ಪಡಿಸುವ ನೈಲಾನಿನ ಸಿಪ್ಪೆ. ಕೆಲವು ನಮೂನೆಗಳಲ್ಲಿ ಒಂದು ಬಿಟ್ಟು ಒಂದರಂತೆ ಎರಡರ ತೊಳೆಗಳೂ ಇರುತ್ತವೆ, ಒಟ್ಟು ಹದಿನಾರು.

ಈ ಜೋಡಿಯನ್ನು ಆರಿಸಿದ್ದೇ ಇವೆರಡೂ ಒಂದಕ್ಕೊಂದು ಸರಿಯಾಗಿ ಅಂಟುವುದಿಲ್ಲ ಎಂಬ ಕಾರಣಕ್ಕೆ. ನೇಯ್ಗೆ ಮುಗಿಯುವವರೆಗೆ ಹೇಗೋ ಕೂಡಿಕೊಂಡಿರುತ್ತವೆ. ಆಮೇಲೆ ಬಟ್ಟೆಯನ್ನು ಕಾಸ್ಟಿಕ್ ಸೋಡಾದ ಬಿಸಿ ದ್ರಾವಣದಲ್ಲಿ ಅದ್ದಿದರೆ, ಅದು ಪಾಲಿಯೆಸ್ಟರಿನ ಹೊರಮೈಯನ್ನು ಸ್ವಲ್ಪ ತಿನ್ನುತ್ತದೆ, ನೈಲಾನಿನ ತಂಟೆಗೆ ಹೆಚ್ಚಾಗಿ ಹೋಗುವುದಿಲ್ಲ. ಇಬ್ಬರ ಗಡಿಯಲ್ಲಿ ಬಿರುಕು ಬಿಟ್ಟು ಎಳೆ ಸೀಳುತ್ತದೆ. ಮೂರು ಡೀನಿಯರಿನ ಒಂದು ದುಂಡು ಎಳೆ ಇದ್ದಲ್ಲಿ 0.2 ಡೀನಿಯರಿನ ಹದಿನಾರು ಚೂಪು ಅಂಚಿನ ಎಳೆಗಳು ನಿಲ್ಲುತ್ತವೆ. ಪ್ಲಾಸ್ಟಿಕ್ಕಿನ ತೂಕ ಹೆಚ್ಚಲಿಲ್ಲ, ಮೇಲ್ಮೈ ಆರು ಪಟ್ಟಾಯಿತು.

ಇದರ ಅಂದಾಜು ಸಿಗಬೇಕಾದರೆ ಪೆನ್ನು-ಕಾಗದ ಹಿಡಿಯಬೇಕು. ಚದರ ಮೀಟರಿಗೆ 300 ಗ್ರಾಂ ತೂಗುವ, 40 ಸೆಂಟಿಮೀಟರ್ ಚೌಕದ ಒಂದು ಬಟ್ಟೆ ತೆಗೆದುಕೊಳ್ಳಿ. ತೂಕ 48 ಗ್ರಾಂ. ಎಳೆಗಳೆಲ್ಲ 0.2 ಡೀನಿಯರ್ ಎಂದು ಹಿಡಿದರೆ ಒಂದು ಗ್ರಾಮಿಗೆ 45 ಕಿಲೋಮೀಟರ್ ಎಳೆ. ಇಡೀ ಬಟ್ಟೆಗೆ 2,160 ಕಿಲೋಮೀಟರ್. ರಸ್ತೆಯಲ್ಲಿ ಬೆಂಗಳೂರಿನಿಂದ ದೆಹಲಿಗೆ ಹೆಚ್ಚುಕಡಿಮೆ ಇಷ್ಟೇ ದೂರ. ಆ ಎಳೆಗಳ ಮೇಲ್ಮೈಯನ್ನೆಲ್ಲ ಹರವಿದರೆ ಸುಮಾರು 46 ಚದರ ಮೀಟರ್, ಅಂದರೆ 500 ಚದರ ಅಡಿ. ಅಂಗೈಯಲ್ಲಿ ಮುದುಡಿ ಹಿಡಿಯುವ ಬಟ್ಟೆಯೊಳಗೆ ಒಂದು ಸಣ್ಣ ಮನೆಯ ನೆಲದಷ್ಟು ಜಾಗವಿದೆ. ಕೊಳೆ ಹೋಗಿ ಕೂರುವುದು ಅಲ್ಲಿ.

ಸಂದಿಗಳ ಕೆಲಸ

ಪಾಲಿಯೆಸ್ಟರಿಗೆ ನೀರೆಂದರೆ ಆಗದು. ಸಾಮಾನ್ಯ ಗಾಳಿಯಲ್ಲಿಟ್ಟ ಹತ್ತಿ ತನ್ನ ತೂಕದ ನೂರಕ್ಕೆ ಎಂಟು ಪಾಲಿನಷ್ಟು ತೇವ ಹೀರಿಕೊಂಡಿದ್ದರೆ, ನೈಲಾನ್ ನಾಲ್ಕು ಪಾಲು, ಪಾಲಿಯೆಸ್ಟರ್ ಅರ್ಧ ಪಾಲೂ ಇಲ್ಲ. ನೀರಿನ ಬಾಟಲಿ ಮಾಡುವುದೂ ಇದೇ ಪಾಲಿಯೆಸ್ಟರಿನಿಂದ. ಅಂಥ ಬಾಟಲಿಯ ಬಂಧು ಹತ್ತಿಗಿಂತ ಚೆನ್ನಾಗಿ ನೀರು ಒರೆಸುತ್ತದೆ ಎಂದರೆ ನೀರನ್ನು ಹಿಡಿದಿರುವುದು ಎಳೆಯಲ್ಲ, ಎಳೆ ಮತ್ತು ಎಳೆಯ ನಡುವಿನ ಸಂದಿ.

ಸಣ್ಣ ಸಂದಿಗೆ ನೀರು ತಾನಾಗಿ ನುಗ್ಗುತ್ತದೆ. ಸಂದಿ ಕಿರಿದಾದಷ್ಟೂ ಸೆಳೆತ ಜಾಸ್ತಿ. 10 ಮೈಕ್ರಾನ್ ತ್ರಿಜ್ಯದ ಗಾಜಿನ ಕೊಳವೆಯನ್ನು ನೀರಿಗೆ ಅದ್ದಿ ನಿಲ್ಲಿಸಿದರೆ ನೀರು ಗುರುತ್ವವನ್ನು ಎದುರಿಸಿ ಒಂದೂವರೆ ಮೀಟರ್ ಎತ್ತರಕ್ಕೆ ಏರಬಲ್ಲದು. ಬಟ್ಟೆಯೊಳಗಿನ ಸಂದಿಗಳು ಇದೇ ಅಳತೆಯವು. ನೈಲಾನಿಗೆ ನೀರಿನ ಮೇಲೆ ಇರುವ ಅಷ್ಟಿಷ್ಟು ಒಲವು ಬಾಗಿಲು ತೆರೆಯುತ್ತದೆ, ಸಂದಿ ಸೆಳೆದುಕೊಳ್ಳುತ್ತದೆ. ತುಸು ಒದ್ದೆ ಮಾಡಿ ಹಿಂಡಿದ ಬಟ್ಟೆ ಪೂರ್ತಿ ಒಣ ಬಟ್ಟೆಗಿಂತ ಬೇಗ ಹೀರುವುದೂ ಇದಕ್ಕೇ. ಸಂದಿಗಳಲ್ಲಿ ಆಗಲೇ ಇರುವ ನೀರು ಹೊಸ ನೀರನ್ನು ಕೈಹಿಡಿದು ಕರೆದುಕೊಳ್ಳುತ್ತದೆ. ಹತ್ತಿಯಲ್ಲಿ ನೀರು ಎಳೆಯ ಒಡಲಿಗೇ ಇಳಿದುಬಿಡುವುದರಿಂದ ಹಿಂಡಿದರೂ ಪೂರ್ತಿ ಬಿಡುವುದಿಲ್ಲ, ಒಣಗಲೂ ತಡ. ಮೈಕ್ರೋಫೈಬರ್ ಎಳೆಯ ಒಡಲು ಒಣಗಿಯೇ ಇರುವುದರಿಂದ ಹಿಂಡಿದರೆ ನೀರೆಲ್ಲ ಬರುತ್ತದೆ.

ಬೋರ್‌ವೆಲ್ ನೀರಿನಲ್ಲಿ ಕಾರು ತೊಳೆಯುವವರಿಗೆ ಇದರ ಬೆಲೆ ಗೊತ್ತು. ತೊಳೆದ ಕಾರನ್ನು ಬಿಸಿಲಿಗೆ ಬಿಟ್ಟರೆ ನೀರು ಆವಿಯಾಗಿ, ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿ ಚುಕ್ಕೆಗಳಾಗಿ ಕೂರುತ್ತವೆ. ಆವಿಯಾಗುವ ಮೊದಲೇ ನೀರನ್ನು ಬಟ್ಟೆ ಎತ್ತಿಕೊಂಡರೆ ಲವಣವೂ ಅದರ ಜೊತೆ ಹೋಗುತ್ತದೆ.

ಎಣ್ಣೆಯ ವಿಷಯದಲ್ಲಿ ಪಾತ್ರ ಅದಲುಬದಲು. ಬೆರಳಚ್ಚು ಎಂದರೆ ಚರ್ಮದ ಜಿಡ್ಡು. ಹಳೆ ಪಂಚೆಯಲ್ಲಿ ಕನ್ನಡಕ ಒರೆಸಿದಾಗ ಆ ಜಿಡ್ಡು ಹೋಗುವ ಬದಲು ಗಾಜಿನ ತುಂಬ ಮಸುಕಾಗಿ ಹರಡುತ್ತದೆ. ಹತ್ತಿಯ ಎಳೆ ಚಪ್ಪಟೆಯಾಗಿ ತಿರುಚಿಕೊಂಡ, 12ರಿಂದ 20 ಮೈಕ್ರಾನ್ ಅಗಲದ ಪಟ್ಟಿ. ತೆಳು ಜಿಡ್ಡಿನ ಮೇಲೆ ಜಾರಿಕೊಂಡು ಹೋಗುತ್ತದೆ. ಮೈಕ್ರೋಫೈಬರಿನ ತೊಳೆಯ ಚೂಪು ಅಂಚು ಜಿಡ್ಡನ್ನು ಗಾಜಿನಿಂದ ಕೆರೆದೆತ್ತುತ್ತದೆ, ಪಾಲಿಯೆಸ್ಟರಿಗೆ ಎಣ್ಣೆಯೊಡನೆ ಸಲುಗೆ ಇರುವುದರಿಂದ ಎತ್ತಿದ್ದು ಸಂದಿ ಸೇರುತ್ತದೆ. ಸೋಪಿಲ್ಲದೆ ಕನ್ನಡಕ ಶುಚಿಯಾಗುವ ಗುಟ್ಟು ಇದು. ಹತ್ತಿಯ ಎಳೆ ಒಂದು ಇಂಚು ಆಸುಪಾಸಿನ ತುಂಡುಗಳು, ಉಜ್ಜಿದಾಗ ಸಡಿಲವಾಗಿ ಗಾಜಿನ ಮೇಲೆ ಜುಂಗಾಗಿ ಉಳಿಯುತ್ತವೆ. ಮೈಕ್ರೋಫೈಬರ್ ಉದ್ದಾನುದ್ದದ ಎಳೆಯಾದ್ದರಿಂದ ಜುಂಗು ಬಿಡುವುದು ಕಡಿಮೆ.

ಒಣ ದೂಳಿಗೆ ವಿದ್ಯುತ್ತಿನ ಸಹಾಯವೂ ಇದೆ. ಉಜ್ಜಿದಾಗ ನೈಲಾನ್ ಧನ ವಿದ್ಯುದಂಶದ ಕಡೆಗೆ, ಪಾಲಿಯೆಸ್ಟರ್ ಋಣದ ಕಡೆಗೆ ವಾಲುತ್ತವೆ. ಎರಡೂ ಪಕ್ಕಪಕ್ಕದಲ್ಲೇ ಇರುವ ಬಟ್ಟೆಗೆ ಹಗುರ ಕಣಗಳು ಹಾರಿ ಬಂದು ಅಂಟುತ್ತವೆ. ಮಳೆಗಾಲದಲ್ಲಿ, ಕರಾವಳಿಯಲ್ಲಿ ಈ ಆಟ ಅಷ್ಟಾಗಿ ನಡೆಯದು. ಗಾಳಿಯ ತೇವ ವಿದ್ಯುದಂಶವನ್ನು ಸೋರಿಸಿಬಿಡುತ್ತದೆ. ಸಂದಿಗಳು ಮಾತ್ರ ಮಳೆ-ಬಿಸಿಲು ನೋಡುವುದಿಲ್ಲ.

ಕೊಳ್ಳುವಾಗ, ಒರೆಸುವಾಗ

ಇಷ್ಟೆಲ್ಲ ಗುಣ ಬರುವುದು ಎಳೆ ಸೀಳಿದ್ದರೆ ಮಾತ್ರ. ಸೀಳದ ಎಳೆಯ ಬಟ್ಟೆಯೂ ಮೈಕ್ರೋಫೈಬರ್ ಎಂಬ ಹೆಸರಿನಲ್ಲೇ ಮಾರಾಟವಾಗುತ್ತದೆ, ಮುಟ್ಟಲು ಅದು ಇನ್ನೂ ನಯ. ಅಂಗಡಿಯಲ್ಲೇ ಪತ್ತೆ ಹಚ್ಚಬಹುದು. ಒಣ ಅಂಗೈಯ ಮೇಲೆ ಬಟ್ಟೆಯನ್ನು ಮೆಲ್ಲಗೆ ಎಳೆಯಿರಿ. ಸೀಳಿದ ಎಳೆಯಾದರೆ ಚರ್ಮದ ಒರಟು ಜಾಗಗಳಿಗೆ, ಬೆರಳಿನ ಬಿರುಕಿಗೆ ಸಣ್ಣಗೆ ಕಚ್ಚಿಕೊಂಡು ಮೈ ಜುಮ್ಮೆನ್ನುತ್ತದೆ. ಕೆಲವರಿಗೆ ಈ ಸ್ಪರ್ಶ ಆಗುವುದೇ ಇಲ್ಲ. ಆ ಕಚ್ಚುವಿಕೆಯೇ ಅದರ ಯೋಗ್ಯತಾಪತ್ರ. ಮನೆಗೆ ತಂದ ಮೇಲೆ ಒಂದು ಸಲ ಒಗೆದು, ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಒಂದು ಚಮಚ ನೀರು ಚೆಲ್ಲಿ ಬಟ್ಟೆಯನ್ನು ಅದರ ಮೇಲೆ ಎಳೆಯಿರಿ. ಸೀಳಿದ ಬಟ್ಟೆ ನೀರನ್ನು ಎತ್ತಿಕೊಳ್ಳುತ್ತದೆ. ಸೀಳದ್ದು ಮುಂದಕ್ಕೆ ತಳ್ಳುತ್ತದೆ.

ಪ್ಯಾಕೆಟ್ಟಿನ ಮೇಲಿನ ಜಿಎಸ್‌ಎಂ ಎಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕ. ಗಾಜಿಗೆ, ಕನ್ನಡಕಕ್ಕೆ, ಟಿವಿ ಪರದೆಗೆ ರೋಮ ಗಿಡ್ಡದಾದ ಹಗುರ ಬಟ್ಟೆ ಸಾಕು. ಮನೆಯ ಸಾಮಾನು ಒರೆಸಲು 300ರ ಆಸುಪಾಸು. ಕಾರಿನ ಬಣ್ಣಕ್ಕೆ ಉದ್ದ ರೋಮದ, 400-500ರ ಬಟ್ಟೆ ಬೇಕು. ಬೆಣಚಿನ ಕಣ ರೋಮದ ಆಳಕ್ಕೆ ಇಳಿದುಬಿಟ್ಟರೆ ಬಣ್ಣಕ್ಕೆ ತಾಗುವುದಿಲ್ಲ. ಆಳವಿಲ್ಲದ ಬಟ್ಟೆಯಲ್ಲಿ ಅದು ಮೇಲೆಯೇ ಉಳಿದು ಗೀರುತ್ತದೆ. ಅಂಚಿನ ಗಟ್ಟಿ ಹೊಲಿಗೆ, ಕಂಪನಿಯ ಲೇಬಲ್ಲು ಇವೂ ಗೀರಬಲ್ಲವು. ಲೇಬಲ್ ಕತ್ತರಿಸಿ ಬಿಸಾಡಿ.

ಎಂಥ ಬಟ್ಟೆಯ ಆಳವೂ ಒಂದು ಹಂತಕ್ಕೆ ತುಂಬಿಹೋಗುತ್ತದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಬೆಳಗ್ಗೆ ಆರಕ್ಕೆ ನಡೆಯುವ ಕೆಲಸ ನೋಡಿ. ಒಂದು ಬಕೆಟ್ ನೀರು, ಒಂದು ಬಟ್ಟೆ, ಸಾಲುಸಾಲು ಕಾರು. ಮೊದಲ ಕಾರಿಗೆ ಸಿಗುವುದು ನೀರು. ಕೊನೆಯ ಕಾರಿಗೆ ಸಿಗುವುದು ಹಿಂದಿನ ಕಾರುಗಳ ಬೆಣಚಿನ ಪುಡಿ ಕಲಸಿದ ಕೆಸರು. ಒರೆಸುವವನಿಗೆ ಕಾರಿಗೊಂದು ಬಕೆಟ್ ನೀರೂ ಇಲ್ಲ, ಹೊತ್ತೂ ಇಲ್ಲ, ಅವನನ್ನು ಬೈದು ಪ್ರಯೋಜನವಿಲ್ಲ. ದಿನವೂ ಒಣದಾಗಿ ಒರೆಸಿಸುವ ಬದಲು ವಾರಕ್ಕೊಮ್ಮೆ ನೀರು ಹಾಯಿಸಿ ತೊಳೆಸಿದರೆ ಕಾರಿನ ಬಣ್ಣ ಹೆಚ್ಚು ಕಾಲ ಬಾಳುತ್ತದೆ.

ತಿಳಿದವರ ಕ್ರಮ ಹೀಗೆ. ಮೊದಲು ಬರೀ ನೀರು ಹೊಡೆದು ದಪ್ಪ ಮಣ್ಣು ಇಳಿಸುವುದು. ಎರಡು ಬಕೆಟ್ ಇಡುವುದು, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮೇಲಿಂದ ಕೆಳಕ್ಕೆ ಹೋಗುವುದು, ಚಕ್ರಗಳಿಗೆ ಬೇರೆ ಬಟ್ಟೆ. ಒಣಗಿಸುವಾಗ ಬಟ್ಟೆಯನ್ನು ಎರಡು ಸಲ ಮಡಚಿದರೆ ಎಂಟು ಮುಖ ಸಿಗುತ್ತವೆ. ಒಂದು ಮುಖ ಕೊಳೆಯಾದಾಗ ಮಡಿಕೆ ತಿರುವಿ ಹೊಸ ಮುಖ ಬಳಸುವುದು. ಒತ್ತಿ ಉಜ್ಜುವ ಅಗತ್ಯವೇ ಇಲ್ಲ, ಬಟ್ಟೆಯ ಭಾರವೇ ಸಾಕು. ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯದೆ ಬಣ್ಣಕ್ಕೆ ತಾಗಿಸಬಾರದು.

ಅಡುಗೆಮನೆಯಲ್ಲಿ ಒಂದು ಎಚ್ಚರಿಕೆ. ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಯ ಜಾಗಕ್ಕೆ ಇದನ್ನು ತರಬೇಡಿ. ನೈಲಾನ್ ಸುಮಾರು 220 ಡಿಗ್ರಿಗೆ, ಪಾಲಿಯೆಸ್ಟರ್ ಸುಮಾರು 255 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತವೆ. ದೋಸೆ ಕಾವಲಿ ಕಾದರೆ ಆ ಹತ್ತಿರಕ್ಕೆ ಹೋಗುತ್ತದೆ. ಕರಗಿದ ಪ್ಲಾಸ್ಟಿಕ್ ಕೈಗಂಟಿದರೆ ಹತ್ತಿಯ ಸುಟ್ಟ ಗಾಯಕ್ಕಿಂತ ಕೆಟ್ಟದ್ದು. ಅಲ್ಲಿ ಹಳೆ ಹತ್ತಿಯೇ ಸರಿ.

ಬಕೆಟ್ಟಿನಿಂದ ಆಚೆ

ಹಿಡಿದಿಟ್ಟುಕೊಳ್ಳುವ ಗುಣವೇ ಈ ಬಟ್ಟೆಯ ದೋಷವೂ ಹೌದು. ಬ್ಯಾಕ್ಟೀರಿಯಾದ ಗಾತ್ರ ಒಂದು ಮೈಕ್ರಾನಿನ ಆಸುಪಾಸು. ಮೈಕ್ರೋಫೈಬರ್ ಅವನ್ನು ನೆಲದಿಂದ ಚೆನ್ನಾಗಿಯೇ ಎತ್ತುತ್ತದೆ, ಆದರೆ ಕೊಲ್ಲುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಅವು ಮನೆ ಮಾಡುತ್ತವೆ, ಮುಂದಿನ ಕೋಣೆಗೆ ಹಂಚಿಕೆಯಾಗುತ್ತವೆ. ಕ್ಯಾಲಿಫೋರ್ನಿಯಾದ ಯುಸಿ ಡೇವಿಸ್ ವೈದ್ಯಕೀಯ ಕೇಂದ್ರ 1999ರ ಸುಮಾರಿಗೆ ಹತ್ತಿ ಮಾಪ್ ಬಿಟ್ಟು ಮೈಕ್ರೋಫೈಬರ್ ಮಾಪ್ ಹಿಡಿದಾಗ ಬಟ್ಟೆಯ ಜೊತೆಗೆ ಪದ್ಧತಿಯನ್ನೂ ಬದಲಿಸಿತು. ಮೊದಲು ಎರಡು-ಮೂರು ಕೋಣೆಗೊಮ್ಮೆ ಬಕೆಟ್ಟಿನ ದ್ರಾವಣ ಚೆಲ್ಲಿ ಹೊಸದು ತುಂಬಬೇಕಿತ್ತು. ಈಗ ಕೋಣೆಗೊಂದು ಹೊಸ ಪ್ಯಾಡ್, ಬಳಸಿದ್ದು ನೇರ ಒಗೆತಕ್ಕೆ. ನೀರು, ರಾಸಾಯನಿಕ ಎರಡೂ ಉಳಿದವು, ಒಂದು ಕೋಣೆಯ ಕೊಳೆ ಇನ್ನೊಂದಕ್ಕೆ ಹೋಗುವುದೂ ನಿಂತಿತು. ಮನೆಗೂ ಈ ಪಾಠ ಸಲ್ಲುತ್ತದೆ: ಬಚ್ಚಲಿಗೊಂದು ಬಣ್ಣ, ಅಡುಗೆ ಕಟ್ಟೆಗೊಂದು ಬಣ್ಣ.

ಒಗೆಯುವಾಗ ಮುಖ್ಯವಾಗಿ ಮಾಡಬಾರದ್ದು ಎರಡು. ಬಟ್ಟೆ ಮೆತ್ತಗಾಗಲೆಂದು ಹಾಕುವ ಕಂಡೀಶನರ್ ಎಳೆಗಳ ಮೇಲೆ ಜಿಡ್ಡಿನ ಪದರ ಬಿಟ್ಟು ಸಂದಿಗಳನ್ನು ಕಟ್ಟಿಹಾಕುತ್ತದೆ, ಅದು ಬೇಡ. ಹತ್ತಿ ಟವೆಲ್ಲಿನ ಜೊತೆ ಒಗೆದರೆ ಅದರ ಜುಂಗನ್ನೆಲ್ಲ ಈ ಬಟ್ಟೆ ಎತ್ತಿಕೊಳ್ಳುತ್ತದೆ, ಅದರ ಸ್ವಭಾವವೇ ಅದು. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು, ಸಾಧಾರಣ ಸೋಪು, ನೆರಳಿನಲ್ಲಿ ಒಣಹಾಕುವುದು, ಇಷ್ಟು ಸಾಕು. ಇಸ್ತ್ರಿ ಬೇಡವೇ ಬೇಡ.

ಹೀಗೆ ಒಗೆದಾಗ ಕೊಳೆಯ ಜೊತೆ ಬಟ್ಟೆಯೂ ಒಂದಿಷ್ಟು ಹೊರಟುಹೋಗುತ್ತದೆ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಇಮೋಜನ್ ನ್ಯಾಪರ್ ಮತ್ತು ರಿಚರ್ಡ್ ಥಾಮ್ಸನ್ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 6 ಕಿಲೋ ಬಟ್ಟೆಯನ್ನು ಒಮ್ಮೆ ವಾಷಿಂಗ್ ಮಷೀನಿಗೆ ಹಾಕಿದರೆ, ಪಾಲಿಯೆಸ್ಟರ್ ಆದಲ್ಲಿ ಸುಮಾರು 5 ಲಕ್ಷ, ಅಕ್ರಿಲಿಕ್ ಆದಲ್ಲಿ 7 ಲಕ್ಷಕ್ಕೂ ಹೆಚ್ಚು ಎಳೆಯ ತುಣುಕುಗಳು ನೀರಿಗೆ ಸೇರಬಹುದು. ಅವರು ಒಗೆದದ್ದು ಉಡುವ ಬಟ್ಟೆಗಳನ್ನು. ಸೀಳಿ ಸಣ್ಣದಾಗಿಸಿದ ಎಳೆಯ ನಮ್ಮ ಬಟ್ಟೆಯಿಂದ ಉದುರುವ ತುಣುಕು ಇನ್ನೂ ಸಪೂರ. ಕಡಲಿಗೆ ನೇರವಾಗಿ ಕಣಗಳ ರೂಪದಲ್ಲೇ ಸೇರುವ ಪ್ಲಾಸ್ಟಿಕ್ಕಿನಲ್ಲಿ ನೂರಕ್ಕೆ 35 ಪಾಲು ಕೃತಕ ಬಟ್ಟೆಗಳ ಒಗೆತದಿಂದ ಬರುತ್ತದೆ ಎಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2017ರಲ್ಲಿ ಅಂದಾಜು ಮಾಡಿತು.

ಕಡಲು ದೂರದ ಮಾತು, ಬೆಂಗಳೂರಿನ ಒಗೆದ ನೀರು ಮೊದಲು ಹೋಗುವುದು ಚರಂಡಿಗೆ. ಶುದ್ಧೀಕರಣ ಘಟಕಕ್ಕೆ ತಲುಪಿದರೆ ತುಣುಕುಗಳಲ್ಲಿ ಹೆಚ್ಚಿನವು ಕೆಸರಿನೊಂದಿಗೆ ಕೆಳಗಿಳಿಯುತ್ತವೆ. ಆ ಕೆಸರು ಗೊಬ್ಬರವಾಗಿ ಹೊಲಕ್ಕೆ ಹೋದರೆ ಅವೂ ಹೊಲಕ್ಕೇ ಹೋದ ಹಾಗೆ. ಕೆಸರಿಗೆ ಇಳಿಯದವು ನೀರಿನ ಜೊತೆ ಮುಂದುವರಿಯುತ್ತವೆ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು ಕೋಲಾರದ ಕೆರೆಗಳನ್ನು ತುಂಬುತ್ತಿದೆ. ರಾಜಧಾನಿಯ ಬಚ್ಚಲಿಗೂ ಬರಗಾಲದ ಜಿಲ್ಲೆಯ ಕೆರೆಗೂ ಈಗ ಪೈಪಿನ ನೆಂಟಸ್ತಿಕೆ. ಇಲ್ಲಿ ಕೈಬಿಟ್ಟದ್ದಕ್ಕೆ ಅಲ್ಲಿಗೊಂದು ದಾರಿ ಇದೆ ಎಂಬುದು ನೆನಪಿನಲ್ಲಿರಬೇಕು.

ಹಾಗೆಂದು ಹಳೆ ಬನಿಯನ್ನಿಗೆ ವಾಪಸಾಗಿ ಎಂದು ಹೇಳಲಾರೆ. ಈ ಬಟ್ಟೆ ಸೋಪು ಉಳಿಸುತ್ತದೆ, ನೀರು ಉಳಿಸುತ್ತದೆ. ಅದನ್ನು ಎಲ್ಲಿ ಬಳಸಬೇಕು ಎಂಬ ವಿವೇಕ ಸಾಕು. ಗಾಜು, ಪರದೆ, ಬಣ್ಣಗಳಿಗೆ ಇದರ ಅಂಚು ಬೇಕೇ ಬೇಕು. ಒರಟು ನೆಲಕ್ಕೆ, ಸೈಕಲ್ ಚೈನಿಗೆ, ಚೆಲ್ಲಿದ ಸಾರಿಗೆ ಹತ್ತಿಯ ಚಿಂದಿ ಸಾಕು. ಒಣ ದೂಳು ಒರೆಸಿದ ಬಟ್ಟೆಯನ್ನು ಪ್ರತಿಸಲ ಮಷೀನಿಗೆ ಹಾಕಬೇಕಿಲ್ಲ, ಹೊರಗೆ ಒದರಿ, ಒಂದು ಮಗ್ ನೀರಿನಲ್ಲಿ ಜಾಲಿಸಿದರಾಯಿತು. ಹಳತಾದಂತೆ ಅದಕ್ಕೆ ಹಿಂಬಡ್ತಿ ಕೊಡುತ್ತ ಹೋಗಬೇಕು. ಬಾನೆಟ್ಟಿನಿಂದ ಬಾಗಿಲಿನ ಸಂದಿಗೆ, ಅಲ್ಲಿಂದ ಚಕ್ರಕ್ಕೆ, ಅಲ್ಲಿಂದ ಎಂಜಿನ್ನಿನ ಗ್ರೀಸಿಗೆ.

ಅಲ್ಲಿಂದ ಮುಂದೆ ದಾರಿ ಇಲ್ಲ. ಹತ್ತಿಯ ಚಿಂದಿ ತಿಪ್ಪೆಯಲ್ಲಿ ಮಣ್ಣಾಗುತ್ತದೆ, ಇದು ಆಗುವುದಿಲ್ಲ. ಕರಗಿಸಿ ಮರುಬಳಕೆ ಮಾಡೋಣವೆಂದರೆ ಅದು ಪಾಲಿಯೆಸ್ಟರೂ ಹೌದು, ನೈಲಾನೂ ಹೌದು. ಒಂದಕ್ಕೊಂದು ಅಂಟುವುದಿಲ್ಲವೆಂದೇ ಆರಿಸಿ ತಂದ ಜೋಡಿಯನ್ನು, ಹದಿನಾರು ಸೀಳಾಗಿ ಹೆಣೆದುಕೊಂಡ ಮೇಲೆ, ಲಾಭದಲ್ಲಿ ಬಿಡಿಸುವುದು ಸುಲಭವಲ್ಲ. ಕಾರಿನ ಮೈಯಿಂದ ದೂಳನ್ನು ಬಿಡಿಸಲು ಇಷ್ಟು ಬುದ್ಧಿ ಖರ್ಚು ಮಾಡಿದ ಜವಳಿ ವಿಜ್ಞಾನ ಇನ್ನು ಈ ಜೋಡಿಯನ್ನು ಬಿಡಿಸುವುದಕ್ಕೂ ಅಷ್ಟೇ ಬುದ್ಧಿ ಖರ್ಚು ಮಾಡಬೇಕಿದೆ. ಅಲ್ಲಿಯವರೆಗೆ, ಅಗ್ಗಕ್ಕೆ ಸಿಗುವ ನಾಲ್ಕು ಸೀಳದ ಬಟ್ಟೆ ಕೊಳ್ಳುವ ಬದಲು ಅಂಗೈಗೆ ಕಚ್ಚುವ ಒಂದನ್ನು ಕೊಂಡು, ಅದು ಗ್ರೀಸಿನವರೆಗೆ ಇಳಿಯುವಷ್ಟು ಕಾಲ ಬಾಳಿಸುವುದು ಲೇಸು.